ಗುಂಡಿ ಒತ್ತಿದ ಲೆಕ್ಕ, ಕೆಲಸ ಆದ ಲೆಕ್ಕ

ಜಾಲತಾಣಗಳನ್ನೂ ಆನ್‌ಲೈನ್ ಅರ್ಜಿ ವ್ಯವಸ್ಥೆಗಳನ್ನೂ ಕಟ್ಟುವವರ ನಡುವೆ ಇಂದು ಹೆಚ್ಚುಕಡಿಮೆ ಪ್ರಶ್ನೆಯೇ ಇಲ್ಲದೆ ಬೇರುಬಿಟ್ಟಿರುವ ಮತವೊಂದಿದೆ: ಬಳಸುವವರು ಪರದೆಯ ಮೇಲೆ ಏನೇನು ಮಾಡುತ್ತಾರೋ ಅದನ್ನೆಲ್ಲ ಮೊದಲು ದಾಖಲಿಸಿಟ್ಟುಕೊಳ್ಳಬೇಕು, ಆ ದಾಖಲೆಯಿಂದ ತಿಳಿಯಬೇಕಾದದ್ದೇನು ಎಂಬುದನ್ನು ಆಮೇಲೆ ಯೋಚಿಸಿದರಾಯಿತು. ಇದು ಬೆಂಗಳೂರಿನ ದೊಡ್ಡ ಕಂಪನಿಗಳಿಗಷ್ಟೇ ಸೀಮಿತವಾದ ನಂಬಿಕೆಯಲ್ಲ. ಬಂಟ್ವಾಳ ತಾಲ್ಲೂಕಿನ ಬೆಂಜನಪದವು, ಮೂಡುಬಿದಿರೆ ಬಳಿಯ ಮಿಜಾರು, ಬೆಳ್ತಂಗಡಿ ತಾಲ್ಲೂಕಿನ ಉಜಿರೆ ಮೊದಲಾದ ಊರುಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ತರುಣ ತರುಣಿಯರು ಕೆಲಸಕ್ಕೆ ಸೇರಿದ ಕೂಡಲೇ ಎದುರಾಗುವ ನಿಯಮವೂ ಇದೇ ಆಗಿದ್ದು, ಅದನ್ನು ಅವರು ವೃತ್ತಿಯ ಸಹಜಧರ್ಮವೆಂದೇ ಒಪ್ಪಿಕೊಳ್ಳುತ್ತಾರೆ. ಈ ಮತವನ್ನು ಬರಿಯ ದುಂದುಗಾರಿಕೆಯೆಂದು ಕರೆದು ಬಿಟ್ಟುಬಿಡುವುದು ಸಾಲದು, ಏಕೆಂದರೆ ಅದು ಸುಳ್ಳು ಲೆಕ್ಕವನ್ನು ನಿಜವೆಂದು ತೋರಿಸುತ್ತದೆ, ವ್ಯವಸ್ಥೆಯ ನೆರವು ಯಾರಿಗೆ ಎಲ್ಲಕ್ಕಿಂತ ಹೆಚ್ಚು ಬೇಕೋ ಅವರನ್ನೇ ಲೆಕ್ಕದಿಂದ ಅಳಿಸಿಹಾಕುತ್ತದೆ, ಮತ್ತು ಜನರು ಕೊಡದೆ ಇರುವುದನ್ನು ಅವರಿಗೆ ತಿಳಿಯದಂತೆ ತೆಗೆದುಕೊಳ್ಳುತ್ತದೆ.

ಚರ್ಚೆಗೆ ಬೇಕಾದ ಎರಡು ಪದಗಳನ್ನು ಮೊದಲೇ ವಿವರಿಸಿಕೊಳ್ಳಬೇಕು. ಪರದೆಯ ಮೇಲೆ ಕಾಣುವ ಗುಂಡಿ, ಪಟ್ಟಿ, ಅರ್ಜಿ ನಮೂನೆ ಮುಂತಾದ ಪ್ರತಿಯೊಂದು ಭಾಗವನ್ನೂ ಸ್ವತಂತ್ರವಾದ, ಬೇಕಾದಲ್ಲಿ ಮತ್ತೆ ಬಳಸಬಹುದಾದ ತುಂಡಾಗಿ ಬರೆದು, ಅಂಥ ತುಂಡುಗಳನ್ನು ಜೋಡಿಸಿ ಇಡೀ ತಾಣವನ್ನು ಕಟ್ಟುವ ಪದ್ಧತಿಯಲ್ಲಿ ಆ ತುಂಡಿಗೆ ಕಾಂಪೊನೆಂಟ್ ಎಂದು ಹೆಸರು. ಫೇಸ್‌ಬುಕ್ 2013ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದ ರಿಯಾಕ್ಟ್ ಈ ಪದ್ಧತಿಯನ್ನು ಮನೆಮಾತಾಗಿಸಿತು. ಬಳಸುವವರು ಗುಂಡಿ ಒತ್ತಿದ್ದು, ಪುಟ ಸರಿಸಿದ್ದು, ಒಂದು ಖಾಲಿ ಜಾಗದಲ್ಲಿ ಬರೆಯತೊಡಗಿದ್ದು ಇತ್ಯಾದಿ ಚಿಕ್ಕ ಸಂಗತಿಗಳನ್ನು ಸಮಯದ ಮುದ್ರೆಯೊಂದಿಗೆ ಬೇರೊಂದು ಸರ್ವರ್‌ಗೆ ಕಳುಹಿಸಿದಾಗ ಅಂಥ ಒಂದೊಂದು ದಾಖಲೆಯನ್ನೂ ಇವೆಂಟ್ ಎನ್ನುತ್ತಾರೆ. 2005ರಲ್ಲಿ ಅರ್ಚಿನ್ ಎಂಬ ಸಂಸ್ಥೆಯನ್ನು ಕೊಂಡು ಗೂಗಲ್ ಆರಂಭಿಸಿದ ಅನಾಲಿಟಿಕ್ಸ್ ಸೇವೆ ಮೊದಲಿಗೆ ಮುಖ್ಯವಾಗಿ ಪುಟಗಳ ಭೇಟಿಯನ್ನು ಎಣಿಸುತ್ತಿತ್ತು. ಕಾಂಪೊನೆಂಟ್‌ಗಳಿಂದ ಕಟ್ಟಿದ ತಾಣಗಳಲ್ಲಿ ಪುಟವು ಒಮ್ಮೆ ಮಾತ್ರ ಬಂದು, ಉಳಿದದ್ದೆಲ್ಲ ಅದರೊಳಗೇ ಬದಲಾಗುವುದರಿಂದ, ಪುಟದ ಎಣಿಕೆ ನಿರರ್ಥಕವಾಗಿ ಇವೆಂಟ್‌ಗಳ ಎಣಿಕೆ ಮುಂದೆ ಬಂತು. 2020ರಲ್ಲಿ ಬಂದ ಗೂಗಲ್‌ನ ನಾಲ್ಕನೆಯ ಆವೃತ್ತಿ ಪೂರ್ತಿಯಾಗಿ ಇವೆಂಟ್‌ಗಳ ಮೇಲೆಯೇ ನಿಂತಿದ್ದು, ಅದರ ಹಿಂದಿನ ಆವೃತ್ತಿ 2023ರ ಜುಲೈ 1ರಿಂದ ಹೊಸ ದಾಖಲೆಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಈ ನಡುವೆ, 2013ರಲ್ಲಿ ಹುಟ್ಟಿದ ಹೀಪ್‌ನಂಥ ಕಂಪನಿಗಳು, ಯಾವ ಇವೆಂಟ್ ಬೇಕೆಂದು ಮುಂಚಿತವಾಗಿ ಹೇಳುವ ಅಗತ್ಯವೇ ಇಲ್ಲ, ಒಂದು ತುಣುಕು ಕೋಡ್ ಸೇರಿಸಿದರೆ ಎಲ್ಲವೂ ತಾನಾಗಿಯೇ ದಾಖಲಾಗುತ್ತದೆ ಎಂಬ ಸ್ವಯಂಗ್ರಹಣದ ವಿಧಾನವನ್ನು ಮಾರಾಟಕ್ಕಿಟ್ಟವು. ಪ್ರಚಲಿತ ಮತದ ಪೂರ್ಣ ರೂಪ ಇದು.

ಇದರ ಮೊದಲ ದೋಷ ಎಣಿಕೆಯಲ್ಲೇ ಇದೆ. ಅಡಿಕೆ ಬೆಳೆಗಾರರಿಗೆ ಪರಿಚಿತವಾದ ಹವಾಮಾನ ಆಧಾರಿತ ಬೆಳೆ ವಿಮೆಯನ್ನೇ ತೆಗೆದುಕೊಳ್ಳಬಹುದು. ದಕ್ಷಿಣ ಕನ್ನಡದಲ್ಲಿ ಅಡಿಕೆಗೂ ಕಾಳುಮೆಣಸಿಗೂ ಈ ವಿಮೆ ಇದ್ದು, ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿಯ ವಿಮಾ ಮೊತ್ತಕ್ಕೆ ಶೇಕಡಾ 5ರಂತೆ 6,400 ರೂಪಾಯಿ ಕಂತನ್ನು ರೈತರು ಕಟ್ಟುತ್ತ ಬಂದಿದ್ದಾರೆ. ಬಹುಪಾಲು ರೈತರ ಅರ್ಜಿ ಊರಿನ ಸಹಕಾರಿ ಸಂಘದ, ಅಂದರೆ ಜನರ ಬಾಯಲ್ಲಿ ಸಿ.ಎ. ಬ್ಯಾಂಕಿನ, ಗುಮಾಸ್ತರ ಕೈಯಿಂದಲೇ ಕಂಪ್ಯೂಟರಿಗೆ ಹೋಗುತ್ತದೆ. ಇಂಥದೊಂದು ಅರ್ಜಿಯ ಪರದೆಯನ್ನು ರಿಯಾಕ್ಟ್‌ನಲ್ಲಿ ಕಟ್ಟಿ, ಪ್ರಚಲಿತ ಮತದಂತೆ ಅದರ ಪ್ರತಿ ಕಾಂಪೊನೆಂಟಿಗೂ ಇವೆಂಟ್ ಜೋಡಿಸಿದ್ದಾರೆ ಎಂದು ಭಾವಿಸಿದರೆ ನಡೆಯುವುದು ಹೀಗೆ. ಗುಮಾಸ್ತರು ‘ಸಲ್ಲಿಸು’ ಎಂಬ ಗುಂಡಿಯನ್ನು ಒಮ್ಮೆ ಒತ್ತುತ್ತಾರೆ, ರೈತನ ಗುರುತಿನ ಸಂಖ್ಯೆಯಾದ ಎಫ್‌ಐಡಿಗೆ ಆ ಸರ್ವೆ ನಂಬರ್ ಸೇರಿಲ್ಲವೆಂಬ ಸೂಚನೆ ಬರುತ್ತದೆ; ಬೇರೆ ಸರ್ವೆ ನಂಬರ್ ಆರಿಸಿ ಮತ್ತೆ ಒತ್ತುತ್ತಾರೆ, ಕಂತಿನ ಪಾವತಿಯ ಚಕ್ರ ತಿರುಗುತ್ತಲೇ ಇರುತ್ತದೆ; ಕಾದು ಕಾದು ಮೂರನೆಯ ಸಲ ಒತ್ತುವಷ್ಟರಲ್ಲಿ ಕರೆಂಟು ಹೋಗುತ್ತದೆ. ಗುಂಡಿಯ ಕಾಂಪೊನೆಂಟಿಗೆ ಅಂಟಿಸಿದ ಇವೆಂಟಿನ ಪ್ರಕಾರ ಇಲ್ಲಿ ಮೂರು ಸಲ್ಲಿಕೆಗಳಾಗಿವೆ, ಆದರೆ ಆ ರೈತನಿಗೆ ವಿಮೆ ಆಗಿಲ್ಲ. ಗುಂಡಿ ಒತ್ತಿದ ಲೆಕ್ಕವನ್ನೇ ಕೆಲಸ ಆದ ಲೆಕ್ಕವೆಂದು ತೋರಿಸುವ ಡ್ಯಾಶ್‌ಬೋರ್ಡ್, ಅಂದರೆ ಸಂಖ್ಯೆಗಳನ್ನು ನಕ್ಷೆಗಳಾಗಿ ಒಂದೆಡೆ ಕಾಣಿಸುವ ಫಲಕ, ಮೇಲಧಿಕಾರಿಯ ಮುಂದೆ ಈ ಮೂರನ್ನೇ ಇಡುತ್ತದೆ.

ಕಾಂಪೊನೆಂಟ್‌ಗಳ ಸ್ವಭಾವವೇ ಈ ತಪ್ಪನ್ನು ಹೆಚ್ಚಿಸುತ್ತದೆ. ಒಂದು ಕಾಂಪೊನೆಂಟ್ ಪರದೆಗೆ ಬರುವುದೂ ಹೋಗುವುದೂ ಮತ್ತೆ ಬರುವುದೂ ಚಿತ್ರಣದ ಅನುಕೂಲಕ್ಕೆ ಸಂಬಂಧಿಸಿದ ಸಂಗತಿಯೇ ಹೊರತು ಮನುಷ್ಯರ ಇಚ್ಛೆಗೆ ಸಂಬಂಧಿಸಿದ್ದಲ್ಲ. ಮೇಲಿನ ಪಟ್ಟಿಯಲ್ಲಿ ಬೇರೊಂದನ್ನು ಆರಿಸಿ ಹಿಂದಿರುಗಿದರೆ ಅದೇ ನಮೂನೆ ಹೊಸದಾಗಿ ಮೂಡಬಹುದು, ಆಗ ‘ನಮೂನೆ ನೋಡಿದರು’ ಎಂಬ ಇವೆಂಟ್ ಮತ್ತೊಮ್ಮೆ ಹೊರಡುತ್ತದೆ. 2022ರ ರಿಯಾಕ್ಟ್ 18ರಿಂದೀಚೆಗೆ, ಕೋಡಿನ ದೋಷಗಳನ್ನು ಬಯಲಿಗೆ ತರಲೆಂದು ಇರುವ ಕಟ್ಟುನಿಟ್ಟಿನ ಸ್ಥಿತಿಯಲ್ಲಿ, ಅಭಿವೃದ್ಧಿಯ ಹಂತದಲ್ಲಿ, ಕಾಂಪೊನೆಂಟ್ ಮೂಡಿದಾಗ ನಡೆಯಬೇಕಾದ ಕ್ರಿಯೆಗಳನ್ನು ಬೇಕೆಂದೇ ಎರಡು ಸಲ ನಡೆಸಲಾಗುತ್ತದೆ. ರಿಯಾಕ್ಟ್‌ನ ಅಧಿಕೃತ ಕೈಪಿಡಿಯೇ, ಪರದೆ ಕಾಣಿಸಿಕೊಂಡದ್ದರಿಂದ ಆಗಬೇಕಾದ ಕೆಲಸ ಬೇರೆ, ಬಳಸುವವರು ಒಂದು ಕ್ರಿಯೆ ಮಾಡಿದ್ದರಿಂದ ಆಗಬೇಕಾದ ಕೆಲಸ ಬೇರೆ ಎಂದು ಸ್ಪಷ್ಟವಾಗಿ ವಿಂಗಡಿಸಿದ್ದರೂ, ಎಲ್ಲೆಲ್ಲೂ ಇವೆಂಟ್ ಅಂಟಿಸುವ ಆತುರದಲ್ಲಿ ಈ ವಿಂಗಡಣೆ ಮೊದಲು ಮರೆತುಹೋಗುತ್ತದೆ. ಸ್ವಯಂಗ್ರಹಣದ ಸ್ಥಿತಿ ಇನ್ನೂ ಶೋಚನೀಯ. ಅದು ಗುಂಡಿಯನ್ನು ಗುರುತಿಸುವುದು ಪುಟದ ರಚನೆಯಲ್ಲಿ ಅದಕ್ಕಿರುವ ಸ್ಥಾನದಿಂದ, ಅದರ ಶೈಲಿಯ ಹೆಸರಿನಿಂದ, ಅದರ ಮೇಲಿನ ಬರಹದಿಂದ. ವಿನ್ಯಾಸಕಾರರು ಒಂದು ದಿನ ‘ಸಲ್ಲಿಸು’ ಎಂಬುದನ್ನು ‘ಅರ್ಜಿ ಸಲ್ಲಿಸಿ’ ಎಂದು ತಿದ್ದಿದರೆ ಹಳೆಯ ಗುಂಡಿಯ ಎಣಿಕೆ ಅಂದೇ ಸೊನ್ನೆಗೆ ಇಳಿಯುತ್ತದೆ, ಮತ್ತು ನಕ್ಷೆಯನ್ನು ಮಾತ್ರ ನೋಡುವವರಿಗೆ ರೈತರೆಲ್ಲ ಒಟ್ಟಾಗಿ ವಿಮೆಯನ್ನೇ ಕೈಬಿಟ್ಟಂತೆ ಕಾಣುತ್ತದೆ.

ತಪ್ಪು ಎಣಿಕೆಗಿಂತ ತಪ್ಪು ನಿರ್ಣಯ ಹೆಚ್ಚು ಹಾನಿಕರ. ಅರ್ಜಿ ತುಂಬುವವರು ಮೂರನೆಯ ಹಂತದಲ್ಲಿ ಬಿಟ್ಟುಹೋಗುತ್ತಿದ್ದಾರೆ ಎಂದು ಡ್ಯಾಶ್‌ಬೋರ್ಡ್ ಹೇಳಿದಾಗ, ಆ ಹಂತದ ಗುಂಡಿಯ ಬಣ್ಣ ಬದಲಿಸುವುದು, ಎರಡು ಪ್ರಶ್ನೆಗಳ ಸ್ಥಾನ ಅದಲುಬದಲು ಮಾಡುವುದು, ಇವೇ ತಂಡದ ಕೈಗೆ ತಕ್ಷಣ ಸಿಗುವ ಪರಿಹಾರಗಳಾಗುತ್ತವೆ. ಬೆಳ್ತಂಗಡಿಯ ಒಬ್ಬ ಬೆಳೆಗಾರ ಅಲ್ಲಿ ನಿಲ್ಲುವುದಕ್ಕೆ ಕಾರಣ ಬಣ್ಣವಲ್ಲ: ಜಮೀನಿನ ಪಹಣಿಯಾದ ಆರ್‌ಟಿಸಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದು ಉಳಿದವರ ಒಪ್ಪಿಗೆ ಪತ್ರ ಬೇಕಾಗಿರುತ್ತದೆ, ಅಥವಾ ಬೆಳೆ ಸಮೀಕ್ಷೆಯಲ್ಲಿ ಅಡಿಕೆಯ ಬದಲು ಬೇರೇನೋ ದಾಖಲಾಗಿರುತ್ತದೆ, ಅಥವಾ ಸರ್ವೆ ನಂಬರ್ ಎಫ್‌ಐಡಿಗೆ ಏರಿಯೇ ಇರುವುದಿಲ್ಲ. ಇವುಗಳಲ್ಲಿ ಒಂದೂ ಬೆರಳಿನ ಚಲನೆಯಲ್ಲಿ ಕಾಣುವಂಥದ್ದಲ್ಲ. ಆದರೆ ಅರ್ಜಿಯನ್ನು ಪರಿಶೀಲಿಸಿ ಹಿಂದಕ್ಕೆ ಕಳುಹಿಸುವ ಸರ್ವರ್‌ಗೆ ಅದು ಗೊತ್ತಿದೆ. ಯಾವ ಕಾರಣಕ್ಕೆ ಎಷ್ಟು ಅರ್ಜಿಗಳು ತಿರಸ್ಕೃತವಾದವು ಎಂಬ ಒಂದೇ ಒಂದು ದಾಖಲೆಯನ್ನು ಅಲ್ಲಿ ಇಟ್ಟಿದ್ದರೆ, ಪರದೆಯ ಸಾವಿರ ಇವೆಂಟ್‌ಗಳು ಹೇಳಲಾರದ್ದನ್ನು ಅದು ಹೇಳುತ್ತಿತ್ತು, ಮತ್ತು ಪರಿಹಾರ ಪರದೆಯಲ್ಲಿಲ್ಲ, ಗ್ರಾಮ ಆಡಳಿತ ಅಧಿಕಾರಿಯ ಕಚೇರಿಯಲ್ಲಿದೆ ಎಂಬುದೂ ತಿಳಿಯುತ್ತಿತ್ತು.

ಎರಡನೆಯ ದೋಷ ‘ಬಳಕೆದಾರ’ ಎಂಬ ಕಲ್ಪನೆಯದು. ವಿಶ್ಲೇಷಣಾ ಸೇವೆಗಳು ಬಳಕೆದಾರನೆಂದು ಎಣಿಸುವುದು ವ್ಯಕ್ತಿಯನ್ನಲ್ಲ, ಒಂದು ಬ್ರೌಸರ್‌ನಲ್ಲಿ ಇಟ್ಟ ಕುಕಿಯನ್ನು, ಅಂದರೆ ಗುರುತಿಗಾಗಿ ಉಳಿಸಿದ ಒಂದು ಚಿಕ್ಕ ಸಂಖ್ಯೆಯನ್ನು. ಒಬ್ಬರಿಗೊಂದು ಫೋನ್, ಒಬ್ಬರಿಗೊಂದು ಲ್ಯಾಪ್‌ಟಾಪ್ ಇರುವ ಸಮಾಜದಲ್ಲಿ ಹುಟ್ಟಿದ ಈ ಸಮೀಕರಣ ಇಲ್ಲಿ ನಿಲ್ಲುವುದಿಲ್ಲ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ ರಾಜ್ಯದೆಲ್ಲೆಡೆ ಹೆಂಗಸರು ಸಾಲುಗಟ್ಟಿದ್ದು ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ. ಎಷ್ಟೋ ಮನೆಗಳ ಅರ್ಜಿಯನ್ನು ತುಂಬಿದ್ದು ಒಂದೇ ಕಂಪ್ಯೂಟರಿನ ಮುಂದೆ ಕುಳಿತ ಒಬ್ಬರೇ ಆಪರೇಟರ್. ಬಂಟ್ವಾಳದ ಕಡೆ ಬೀಡಿ ಕಟ್ಟಿ ವರ್ಷಗಟ್ಟಲೆ ಪಿ.ಎಫ್. ಕೂಡಿಸಿದ ಹೆಂಗಸು ಆ ಹಣ ತೆಗೆಯಲು ಸೈಬರ್‌ಗೆ ಬಂದಾಗ, ಕೀಲಿಮಣೆ ಅಂಗಡಿಯವರ ಕೈಯಲ್ಲಿರುತ್ತದೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೆಲಸಕ್ಕೆ ಹೋದ ಮಗನ ಕಿಸೆಯಲ್ಲಿರುತ್ತದೆ, ಒಟಿಪಿ ಬರುವುದು ಅವನಿಗೆ, ಅದನ್ನು ಅವನು ಫೋನ್ ಮಾಡಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಇಡೀ ವ್ಯವಹಾರದಲ್ಲಿ ಪರದೆಯನ್ನು ಮುಟ್ಟದೆ ಇರುವವಳು ಆ ಹೆಂಗಸೊಬ್ಬಳೇ. ಇಂಥ ಅಂಗಡಿಯ ಕಂಪ್ಯೂಟರ್ ವಿಶ್ಲೇಷಣೆಯಲ್ಲಿ ‘ತುಂಬ ತೊಡಗಿಕೊಂಡ, ಮತ್ತೆ ಮತ್ತೆ ಬರುವ, ವೇಗವಾಗಿ ಕೆಲಸ ಮುಗಿಸುವ’ ಒಬ್ಬ ಆದರ್ಶ ಬಳಕೆದಾರನಾಗಿ ತೋರುತ್ತದೆ, ಮತ್ತು ಆ ಆಪರೇಟರ್‌ನ ಅಭ್ಯಾಸಬಲವನ್ನೇ ಪೋರ್ಟಲ್‌ನ ಸುಲಭತೆಯ ಪುರಾವೆಯೆಂದು ವರದಿಯಲ್ಲಿ ಬರೆಯಲಾಗುತ್ತದೆ. ತುಳುವಿನಲ್ಲೋ ಬ್ಯಾರಿಯಲ್ಲೋ ಯೋಚಿಸಿ, ಕನ್ನಡದ ಆಡಳಿತ ಪದಗಳ ಮುಂದೆ ತಡವರಿಸಿ, ಕೊನೆಗೆ ಆಪರೇಟರ್‌ನ ಮೊರೆಹೋದವರ ಕಷ್ಟಕ್ಕೆ ಈ ಸಂಖ್ಯೆಗಳಲ್ಲಿ ಜಾಗವೇ ಇಲ್ಲ.

ಲೆಕ್ಕಕ್ಕೆ ಸೇರದವರ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಪೂರ್ವದ ಅಂಚು ಪಶ್ಚಿಮಘಟ್ಟದ ಬುಡ. ಚಾರ್ಮಾಡಿ, ನೆರಿಯ, ದಿಡುಪೆ, ಶಿಶಿಲದ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವುದು ಅಲ್ಲಿನವರಿಗೆ ಹೊಸತಲ್ಲ. ಇವೆಂಟ್ ಕಳುಹಿಸುವ ಕೋಡ್ ಮೊದಲು ಫೋನಿಗೆ ಇಳಿಯಬೇಕು, ಆಮೇಲೆ ಚಲಿಸಬೇಕು, ಆಮೇಲೆ ದಾಖಲೆಯನ್ನು ಹೊರಗೆ ಕಳುಹಿಸಬೇಕು. ಪುಟವೇ ಪೂರ್ತಿ ಇಳಿಯದೆ ಬಿಳಿಯ ಪರದೆಯನ್ನು ನೋಡಿ ಫೋನ್ ಮುಚ್ಚಿಟ್ಟವರಿಂದ ಒಂದು ಇವೆಂಟೂ ಹೊರಡುವುದಿಲ್ಲ. ಪುಟ ಮುಚ್ಚುವ ಗಳಿಗೆಯಲ್ಲಿ ಕೊನೆಯ ದಾಖಲೆಯನ್ನು ಕಳುಹಿಸಲೆಂದು ಬ್ರೌಸರ್‌ಗಳಲ್ಲಿರುವ ಬೀಕನ್ ಎಂಬ ವ್ಯವಸ್ಥೆಯೂ ಒಮ್ಮೆ ವಿಫಲವಾದರೆ ಮತ್ತೆ ಪ್ರಯತ್ನಿಸುವುದಿಲ್ಲ. ಹೀಗೆ ವ್ಯವಸ್ಥೆಯ ಸೋಲು ಎಲ್ಲಿ ಅತಿ ದೊಡ್ಡದೋ ಅಲ್ಲಿ ದಾಖಲೆ ಅತಿ ಕಡಿಮೆ, ಮಂಗಳೂರಿನ ವೇಗದ ಸಂಪರ್ಕ ಎಲ್ಲಿದೆಯೋ ಅಲ್ಲಿ ದಾಖಲೆ ಧಾರಾಳ. ಈ ಓರೆಯನ್ನು ತಿದ್ದದೆ, ಹೆಚ್ಚು ದಾಖಲೆಯಿಂದ ಹೆಚ್ಚು ಸತ್ಯ ತಿಳಿಯುತ್ತದೆ ಎನ್ನುವುದು ಗಣಿತದ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ. ಓರೆಯಾದ ಮಾದರಿಯನ್ನು ಹಿಗ್ಗಿಸಿದಷ್ಟೂ ತಪ್ಪಿನ ಮೇಲಿನ ವಿಶ್ವಾಸ ಮಾತ್ರ ಹಿಗ್ಗುತ್ತದೆ. ಅಷ್ಟೇ ಅಲ್ಲ, ಸೇರಿಸುವ ಪ್ರತಿಯೊಂದು ವಿಶ್ಲೇಷಣಾ ಸ್ಕ್ರಿಪ್ಟ್ ಪುಟದ ಭಾರವನ್ನು ಹೆಚ್ಚಿಸುವುದರಿಂದ, ಅಳೆಯುವ ಉಪಕರಣವೇ ದಿಡುಪೆಯವರ ಬಿಳಿಯ ಪರದೆಗೆ ಒಂದು ಕಾರಣವಾಗುತ್ತದೆ.

ಪ್ರಚಲಿತ ಮತದ ಪರವಾಗಿ ಇರುವ ಅತ್ಯಂತ ಬಲವಾದ ವಾದವನ್ನು ಅದರ ಪೂರ್ಣ ಬಲದಲ್ಲೇ ಎದುರಿಸಬೇಕು. ನಾಳೆ ಏಳುವ ಪ್ರಶ್ನೆ ಇಂದು ಗೊತ್ತಿರುವುದಿಲ್ಲ, ಇಂದು ದಾಖಲಿಸದಿದ್ದರೆ ನಾಳೆ ಅದನ್ನು ಮರಳಿ ಪಡೆಯುವ ದಾರಿಯೇ ಇಲ್ಲ, ಸಂಗ್ರಹದ ಖರ್ಚೋ ಅತ್ಯಲ್ಪ. ಆದ್ದರಿಂದ ಎಲ್ಲವನ್ನೂ ಇಟ್ಟುಕೊಳ್ಳುವುದೇ ವಿವೇಕ ಎಂಬುದು ಆ ವಾದ. ಇದರಲ್ಲಿ ಮೊದಲ ಎರಡು ಮಾತುಗಳು ನಿಜ, ನಿರ್ಣಯ ಮಾತ್ರ ಅವುಗಳಿಂದ ಹೊರಡುವುದಿಲ್ಲ. ಎರಡು ವರ್ಷದ ಹಿಂದಿನ ಇವೆಂಟೊಂದನ್ನು ಇಂದು ಓದುವವರಿಗೆ ಆಗ ಆ ಗುಂಡಿ ಪರದೆಯ ಯಾವ ಮೂಲೆಯಲ್ಲಿತ್ತು, ಅದರ ಮೇಲೆ ಏನು ಬರೆದಿತ್ತು, ಅದನ್ನು ಒತ್ತಿದರೆ ಏನಾಗುತ್ತಿತ್ತು ಎಂಬುದು ತಿಳಿದಿರಬೇಕು. ಕಾಂಪೊನೆಂಟ್‌ಗಳಿಂದ ಕಟ್ಟಿದ ತಾಣದಲ್ಲಿ ಇವೆಲ್ಲ ವಾರವಾರಕ್ಕೂ ಬದಲಾಗುತ್ತವೆ, ಮತ್ತು ಆ ಬದಲಾವಣೆಯ ಚರಿತ್ರೆಯನ್ನು ಇವೆಂಟಿನ ಜೊತೆಗೆ ಯಾರೂ ಬರೆದಿಡುವುದಿಲ್ಲ. ಸಂದರ್ಭ ಕಳಚಿಹೋದ ದಾಖಲೆ ಉಳಿದಿದ್ದರೂ ಅದರ ಅರ್ಥ ಉಳಿದಿಲ್ಲ. ಮುಂದಿನ ಪ್ರಶ್ನೆಗೆ ಅದು ಉತ್ತರವಾಗುವ ಬದಲು ಉತ್ತರದಂತೆ ಕಾಣುವ ಒಂದು ಸಂಖ್ಯೆಯನ್ನು ಒದಗಿಸುತ್ತದೆ. ಸಂಗ್ರಹದ ಖರ್ಚು ಅಲ್ಪವೆಂಬ ಮಾತೂ ಡಿಸ್ಕಿನ ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಓದಿ ಅರ್ಥಮಾಡಿಕೊಳ್ಳಬೇಕಾದ ಮನುಷ್ಯರ ಸಮಯ ಅಲ್ಪವಲ್ಲ, ಆ ದಾಖಲೆ ಸೋರಿದ ದಿನ ತೆರಬೇಕಾದ ಬೆಲೆಯಂತೂ ಅಲ್ಪವೇ ಅಲ್ಲ. ಇನ್ನು ಎಂಜಿನಿಯರರ ಶ್ರಮ ಉಳಿಯುತ್ತದೆ ಎಂಬ ವಾದಕ್ಕೆ ಹೆಚ್ಚು ಹೇಳಬೇಕಾಗಿಲ್ಲ: ಉಳಿಯುವುದು ಕೋಡ್ ಬರೆಯುವ ಅರ್ಧ ದಿನ, ಹೋಗುವುದು ಅದರ ತಪ್ಪನ್ನು ಹುಡುಕುವ ತಿಂಗಳುಗಳು.

ಸೋರಿಕೆಯ ಮಾತು ಕಲ್ಪಿತ ಭಯವಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೀವನ್ ಎಂಗಲ್‌ಹಾರ್ಟ್, ಗುನೆಶ್ ಅಜಾರ್, ಅರವಿಂದ್ ನಾರಾಯಣನ್ 2017ರಲ್ಲಿ ಪ್ರಕಟಿಸಿದ ಸಂಶೋಧನೆ, ಬಳಸುವವರ ಪ್ರತಿ ಕೀಲಿಯ ಒತ್ತನ್ನೂ ಮೌಸ್ ಚಲನೆಯನ್ನೂ ವಿಡಿಯೊದಂತೆ ಮರುಪ್ರದರ್ಶಿಸಬಲ್ಲ ಸೆಷನ್ ರೀಪ್ಲೇ ಎಂಬ ವಿಶ್ಲೇಷಣಾ ಸ್ಕ್ರಿಪ್ಟ್‌ಗಳು ಪಾಸ್‌ವರ್ಡ್, ಕಾರ್ಡಿನ ವಿವರ, ಆರೋಗ್ಯದ ಮಾಹಿತಿಗಳನ್ನೂ ಹೊರಗಿನ ಕಂಪನಿಗಳಿಗೆ ಸಾಗಿಸುತ್ತಿದ್ದುದನ್ನು ತೋರಿಸಿಕೊಟ್ಟಿತು. ನಮೂನೆಯನ್ನು ಸಲ್ಲಿಸುವ ಮೊದಲೇ, ಬರೆದು ಅಳಿಸಿದ್ದೂ ಅದರಲ್ಲಿ ಸೇರಿತ್ತು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ, ವರಮಾನ ಬರೆಸಿಕೊಳ್ಳುವ ಅರ್ಜಿಗಳ ನಾಡಿನಲ್ಲಿ ಎಲ್ಲವನ್ನೂ ದಾಖಲಿಸು ಎನ್ನುವವರು ಇದನ್ನು ಓದಿರಲೇಬೇಕು. ಅದೇ 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸಮ್ಮತಿಯು ನಿರ್ದಿಷ್ಟ ಉದ್ದೇಶಕ್ಕೆ ಸಂಬಂಧಿಸಿದ್ದಾಗಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟು ದತ್ತಾಂಶಕ್ಕೆ ಮಾತ್ರ ಅದು ಅನ್ವಯಿಸುತ್ತದೆ ಎನ್ನುತ್ತದೆ. ಮೊದಲು ಸಂಗ್ರಹ, ಆಮೇಲೆ ಉದ್ದೇಶ ಎಂಬ ಮತವು ಈ ವಿಧಿಯ ನೇರ ವಿರೋಧಿ. ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಪಡೆಯುವ ಆಯ್ಕೆ ಇರಬೇಕೆಂದೂ ಕಾಯ್ದೆ ಹೇಳುತ್ತದೆ. ಕನ್ನಡ, ಕೊಂಕಣಿಗಳು ಆ ಪಟ್ಟಿಯಲ್ಲಿವೆ, ತುಳು ಮತ್ತು ಬ್ಯಾರಿ ಇಲ್ಲ, ಹಾಗಾಗಿ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ತಾಲ್ಲೂಕುಗಳಲ್ಲಿ ನಿಜವಾದ ಸಮ್ಮತಿ ಪಡೆಯುವ ಹೊಣೆ ಕಾಯ್ದೆಯ ಅಕ್ಷರಕ್ಕಿಂತಲೂ ದೊಡ್ಡದು.

ಮೂಡುಬಿದಿರೆಗೆ ಸಂಬಂಧಿಸಿ ಕಾಯ್ದೆಯ 9ನೆಯ ವಿಧಿ ಇನ್ನೂ ಮುಖ್ಯ. ರಾಜ್ಯದ ಮೂಲೆಮೂಲೆಗಳಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಪಿಯುಸಿಗೆಂದು ಬಂದು ಸೇರುವ ಊರು ಅದು. ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಜಾಡು ಹಿಡಿಯುವುದನ್ನೂ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ 9ನೆಯ ವಿಧಿ ನಿಷೇಧಿಸುತ್ತದೆ, ಮಕ್ಕಳಿಗೆ ಸಂಬಂಧಿಸಿದ ಹೊಣೆಯನ್ನು ಮುರಿದರೆ 200 ಕೋಟಿ ರೂಪಾಯಿಯವರೆಗೂ ದಂಡ ಬೀಳಬಹುದು. 2025ರ ನವೆಂಬರಿನಲ್ಲಿ ಹೊರಟ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ತಮ್ಮ ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ವಿನಾಯಿತಿ ಕೊಟ್ಟಿವೆ. ಪ್ರವೇಶದ ಅರ್ಜಿ ನೋಡಿಹೋದ ಹದಿನಾರರ ಹುಡುಗಿಯ ಫೋನಿಗೆ ಜಾಹೀರಾತು ಬೆನ್ನುಹತ್ತುವಂತೆ ಮಾಡುವುದನ್ನು ಶೈಕ್ಷಣಿಕ ಚಟುವಟಿಕೆಯೆಂದು ಯಾವ ನ್ಯಾಯಬದ್ಧ ಓದಿನಲ್ಲೂ ಸಮರ್ಥಿಸಲಾಗದು. ಮುಖ್ಯ ಹೊಣೆಗಳು ಜಾರಿಗೆ ಬರಲು ನಿಯಮಗಳು 18 ತಿಂಗಳ ಕಾಲಾವಕಾಶ ಕೊಟ್ಟಿರುವುದು ಕೋಡನ್ನು ತಿದ್ದಿಕೊಳ್ಳಲೆಂದೇ ಹೊರತು ಅಲ್ಲಿಯವರೆಗೆ ಬಾಚಿಕೊಳ್ಳಲೆಂದಲ್ಲ.

ಹಾಗೆಂದ ಮಾತ್ರಕ್ಕೆ ಅಳೆಯುವುದೇ ಬೇಡವೆಂದು ಯಾರೂ ಹೇಳಬೇಕಾಗಿಲ್ಲ. ಅದೇ ಬೆಳೆ ವಿಮೆಯ ಇನ್ನೊಂದು ಬದಿಯಲ್ಲಿ ಒಳ್ಳೆಯ ಅಳತೆಯ ಮಾದರಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ಇರಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆಯ ಪ್ರಮಾಣವನ್ನು ಕಳುಹಿಸುತ್ತವೆ. ವಿಮೆಯ ಷರತ್ತಿನಲ್ಲಿ ಎಷ್ಟು ಮಳೆಗೆ ಎಷ್ಟು ಪರಿಹಾರ ಎಂದು ಮೊದಲೇ ಬರೆದಿರುತ್ತದೆ, ಆ ಪ್ರಶ್ನೆಗೆ ಬೇಕಾದದ್ದನ್ನು ಅಳೆಯಲಾಗುತ್ತದೆ, ಅಳತೆ ತಪ್ಪಿದೆ ಎನಿಸಿದರೆ ಯಾವ ಮಾಪಕ, ಯಾವ ದಿನ ಎಂದು ಬೆರಳಿಟ್ಟು ಕೇಳಲು ರೈತರಿಗೆ ಸಾಧ್ಯವಿದೆ. ಪ್ರಶ್ನೆ ಮೊದಲು, ಅಳತೆ ಆಮೇಲೆ, ಅಳತೆಗೆ ಉತ್ತರದಾಯಿ ಒಬ್ಬರು: ತಂತ್ರಾಂಶದಲ್ಲಿ ಇದನ್ನು ಪಾಲಿಸಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಗುಂಡಿ, ಪಟ್ಟಿ, ನಮೂನೆಗಳ ಕಾಂಪೊನೆಂಟ್‌ಗಳು ವಿಶ್ಲೇಷಣೆಯ ವಿಷಯವನ್ನೇ ಅರಿಯದಂತೆ ಬರೆದಿರಬೇಕು; ‘ಅರ್ಜಿ ಸ್ವೀಕೃತವಾಯಿತು’, ‘ಇಂಥ ಕಾರಣಕ್ಕೆ ತಿರಸ್ಕೃತವಾಯಿತು’, ‘ಕಂತು ಪಾವತಿ ವಿಫಲವಾಯಿತು’ ಎಂಬಂಥ, ಕಚೇರಿಯ ಗುಮಾಸ್ತರಿಗೂ ಅರ್ಥವಾಗುವ ಸಂಗತಿಗಳನ್ನು, ಅವು ನಿಜವಾಗಿ ಸಂಭವಿಸುವ ಸರ್ವರ್‌ನಲ್ಲಿ ಮಾತ್ರ ದಾಖಲಿಸಬೇಕು. ಪರದೆಯಲ್ಲೇ ತಿಳಿಯಬೇಕಾದದ್ದು ಏನಾದರೂ ಉಳಿದರೆ, ಉದಾಹರಣೆಗೆ ಒಟಿಪಿ ಬರುವ ಮೊದಲೇ ಎಷ್ಟು ಜನರ ಅವಧಿ ಮುಗಿಯಿತು ಎಂಬುದು, ಅದನ್ನು ಒಂದೇ ಒಂದು ಕಡೆಯಿಂದ, ವ್ಯಕ್ತಿಯ ಗುರುತಿಲ್ಲದೆ, ಮಟೋಮೊನಂಥ ಮುಕ್ತ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ನಡೆಸಿ ಎಣಿಸಬಹುದು. ಏಕೆ ಹೀಗಾಗುತ್ತಿದೆ ಎಂಬ ಪ್ರಶ್ನೆಗೆ ಯಾವ ಇವೆಂಟೂ ಉತ್ತರಿಸುವುದಿಲ್ಲವಾದ್ದರಿಂದ, ವಿಟ್ಲದ ಸಿ.ಎ. ಬ್ಯಾಂಕಿನಲ್ಲೋ ವೇಣೂರಿನ ಸೇವಾ ಕೇಂದ್ರದಲ್ಲೋ ಅರ್ಜಿ ತುಂಬುವವರ ಪಕ್ಕದಲ್ಲಿ, ಅವರ ಒಪ್ಪಿಗೆ ಪಡೆದು, ತಂತ್ರಾಂಶ ಬರೆದವರು ಒಂದು ಮಧ್ಯಾಹ್ನ ಕುಳಿತುಕೊಳ್ಳಬೇಕು.

ದಾಖಲಿಸುವ ಪ್ರತಿಯೊಂದು ಇವೆಂಟಿನ ಹೆಸರು, ಅದು ಯಾವ ಪ್ರಶ್ನೆಗೆ ಉತ್ತರ, ಆ ಉತ್ತರವನ್ನು ಯಾರು ಬಳಸುತ್ತಾರೆ, ಎಷ್ಟು ದಿನ ಇಡಲಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ಪಟ್ಟಿಯಾಗಿ ಬರೆದು, ಅರ್ಜಿಯ ಮೊದಲ ಪುಟದಿಂದಲೇ ಓದಲು ಸಿಗುವಂತೆ ಇಡಬೇಕು. ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾರೂ ಬಳಸದೆ ಉಳಿದ ಸಾಲನ್ನು ಪಟ್ಟಿಯಿಂದಲೂ ಕೋಡಿನಿಂದಲೂ ಸಂಗ್ರಹದಿಂದಲೂ ಅದೇ ದಿನ ಅಳಿಸಿಹಾಕಬೇಕು.